ಮೂವತ್ತೈದರಲ್ಲೊಂದು

ದೊಡ್ಡದನ್ನು ಚಿಕ್ಕದಾಗಿ ಮಾಡಿ ಅಂಗೈಯ ಮೇಲಿಟ್ಟುಕೊಂಡು ನೋಡಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆ ಹುಟ್ಟಿದ್ದಲ್ಲ. ಧಾರವಾಡದ ಸೀಮೆಯಲ್ಲಿ ಜ್ಯೇಷ್ಠ ಮಾಸದ ಹುಣ್ಣಿಮೆಗೆ ಕಾರಹುಣ್ಣಿಮೆಯೆಂದು ಹೆಸರು. ಅಂದು ರೈತರು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಊರ ಅಗಸೆಯ ಬಳಿ ಓಡಿಸುತ್ತಾರೆ. ಹದಿನೈದು ದಿನ ಕಳೆದ ಮೇಲೆ ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಹುಣ್ಣಿಮೆಯ ದಿನ ಬೀದಿಯಲ್ಲಿ ಧೂಳೆಬ್ಬಿಸಿ ಓಡಿದ ಎತ್ತು ಅಂದು ಗೇಣುದ್ದದ ಮಣ್ಣಿನ ಗೊಂಬೆಯಾಗಿ ದೇವರ ಜಗಲಿಯನ್ನೇರುತ್ತದೆ. ಕುಂಬಾರರು ಮಾಡಿಕೊಟ್ಟ ಎತ್ತುಗಳೆಲ್ಲ ನೋಡಲು ಒಂದೇ ಅಚ್ಚಿನವು. ಆದರೆ ಅವು ಮನೆಗೆ ಬಂದ ಮೇಲೆ ಮಕ್ಕಳ ಕೈ ಸುಮ್ಮನಿರುವುದಿಲ್ಲ. ಒಬ್ಬನು ಗುಲಗಂಜಿಯಿಂದ ಕಣ್ಣಿಡುತ್ತಾನೆ. ಇನ್ನೊಬ್ಬನು ಸಣಬಿನ ಎಳೆಯಿಂದ ಮೂಗುದಾಣ ಪೋಣಿಸುತ್ತಾನೆ. ಮೂರನೆಯವನು ತನ್ನ ಮನೆಯ ಎತ್ತಿನ ಒಂದು ಕೋಡು ಮುರಿದಿದೆಯೆಂದು ಗೊಂಬೆಯ ಕೋಡನ್ನೂ ಮುರಿದು ಕೂಡಿಸುತ್ತಾನೆ. ಹಬ್ಬದ ಮರುದಿನ ಕಾಲು ಮುರಿದ ಕುಂಟೆತ್ತನ್ನು ಹಿಡಿದು ಹುಡುಗರು ಮನೆಮನೆಗೆ ಹೋಗಿ ಜೋಳ ಬೇಡುವ ರೂಢಿಯೂ ಉಂಟು. ಸಿದ್ಧವಾಗಿ ಬಂದದ್ದನ್ನು ತನಗೆ ಬೇಕಾದಂತೆ ಮಾರ್ಪಡಿಸುವ ಕಲೆ ಹೀಗೆ ಈ ನೆಲದ ಮಕ್ಕಳಿಗೆ ಯಾರೂ ಹೇಳಿಕೊಡದೆ ಬಂದದ್ದು.

ಈ ಸೀಮೆಯ ಪಶ್ಚಿಮದ ಅಂಚಿನಲ್ಲಿ ಅಳ್ನಾವರವಿದೆ. ನವಲಗುಂದ, ಅಣ್ಣಿಗೇರಿಗಳ ಎರೆಯ ಬಯಲು ಹಿಂದೆ ಸರಿದು, ಭತ್ತದ ಗದ್ದೆಗಳೂ ಕಾಡೂ ಕಾಣಿಸಿಕೊಳ್ಳುವ ಸ್ಥಳ ಅದು. ಹುಬ್ಬಳ್ಳಿಯಿಂದ ಲೋಂಡಾದ ಕಡೆಗೆ ಹೋಗುವ ರೈಲುದಾರಿಯಲ್ಲಿ ಧಾರವಾಡ ದಾಟಿದ ಮೇಲೆ ಸಿಗುವ ಜಂಕ್ಷನ್. ಇಲ್ಲಿಂದ ದಾಂಡೇಲಿಯ ಕಡೆಗೆ ಒಂದು ಕವಲು ಹೊರಡುತ್ತದೆ; ಅದು ಮುಖ್ಯವಾಗಿ ಕಾಡಿನ ಮರವನ್ನು ಹೊರಕ್ಕೆ ಸಾಗಿಸಲೆಂದು ಹಾಕಿದ ದಾರಿ. ಇಂಥ ಊರಿನಲ್ಲಿ, ನಿಲ್ದಾಣಕ್ಕೆ ಕೂಗಳತೆಯ ದೂರದಲ್ಲಿ, ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ವಾಸವಾಗಿದ್ದಾರೆ. ಊರಿನವರು ಅವರನ್ನು ಫಿಟ್ಟರ್ ಅಜ್ಜ ಎಂದೇ ಕರೆಯುತ್ತಾರೆ.

ಬೆಂಗಳೂರಿನಲ್ಲಿರುವ ಮಗ ಒಮ್ಮೆ ತನ್ನ ಹುಡುಗನಿಗೆಂದು ಪ್ಲಾಸ್ಟಿಕ್ ತುಂಡುಗಳ ಒಂದು ಪೆಟ್ಟಿಗೆ ತಂದುಕೊಟ್ಟಿದ್ದನು. ಪೆಟ್ಟಿಗೆಯ ಮೇಲೆ ಮುಂದೆ ಎರಡು ಗಾಲಿ, ಹಿಂದೆ ಉದ್ದನೆಯ ಸರಪಳಿಪಟ್ಟಿ ಇದ್ದ ಒಂದು ವಿಚಿತ್ರ ಯುದ್ಧವಾಹನದ ಚಿತ್ರವಿತ್ತು. ಹುಡುಗ ರಜೆಗೆ ಅಳ್ನಾವರಕ್ಕೆ ಬಂದಾಗ ಅದನ್ನು ಬಿಚ್ಚಿ ನೋಡಿದನು. ಒಳಗೆ ವಾಹನವಿರಲಿಲ್ಲ, ಚೌಕಟ್ಟುಗಳಲ್ಲಿ ಹುಣಸೆಯ ಕಾಯಿಗಳಂತೆ ತೂಗಿಕೊಂಡಿದ್ದ ಇನ್ನೂರಕ್ಕೂ ಮಿಕ್ಕಿದ ತುಂಡುಗಳಿದ್ದವು. ಹುಡುಗನ ತಾಳ್ಮೆ ಹದಿನೈದು ನಿಮಿಷಕ್ಕೆ ಮುಗಿಯಿತು. ಅಜ್ಜನ ತಾಳ್ಮೆ ಅಂದಿನಿಂದ ಆರಂಭವಾಯಿತು.

ಆ ವಾಹನಕ್ಕೆ ಹಾಫ್‌ಟ್ರ್ಯಾಕ್ ಎಂದು ಹೆಸರು. ಅರ್ಧ ಸರಪಳಿಗಾಡಿ ಎನ್ನಬಹುದು. ಮಳೆಗಾಲದಲ್ಲಿ ಎರೆಯ ಹೊಲಕ್ಕೆ ಚಕ್ಕಡಿ ಇಳಿಸಿದ ರೈತನಿಗೆ ಇದರ ಅವಶ್ಯಕತೆಯನ್ನು ವಿವರಿಸಬೇಕಾಗಿಲ್ಲ. ಕಬ್ಬಿಣದ ಹಳಿ ಬಡಿದ ಗಾಲಿ ನೆಲವನ್ನು ಮುಟ್ಟುವುದು ಅಂಗೈಯಗಲದ ಜಾಗದಲ್ಲಿ. ಬಂಡಿಯ ಭಾರವೆಲ್ಲ ಅಷ್ಟರ ಮೇಲೆಯೇ ಬೀಳುವುದರಿಂದ ಗಾಲಿ ಅಚ್ಚಿನ ತನಕ ಹೂತುಹೋಗುತ್ತದೆ. ಗಾಲಿಗಳ ಸುತ್ತ ಅಗಲವಾದ ಪಟ್ಟಿಯೊಂದನ್ನು ಹಾಸಿದರೆ ಅದೇ ಭಾರ ಹತ್ತಾರು ಪಟ್ಟು ಹೆಚ್ಚು ನೆಲದ ಮೇಲೆ ಹರಡಿಕೊಂಡು ವಾಹನ ಕೆಸರಿನ ಮೇಲೆ ತೇಲಿದಂತೆ ಸಾಗುತ್ತದೆ. ಹಾಗಾದರೆ ನಾಲ್ಕೂ ಕಡೆ ಪಟ್ಟಿಯನ್ನೇ ಏಕೆ ಹಾಕಬಾರದು? ಹಾಕಬಹುದು, ಆಗ ಅದು ಟ್ಯಾಂಕಿನಂತಾಗುತ್ತದೆ. ಅದನ್ನು ತಿರುಗಿಸುವುದೇ ಒಂದು ವಿದ್ಯೆ, ಖರ್ಚೂ ಹೆಚ್ಚು. ಮುಂದೆ ಗಾಲಿಗಳಿದ್ದರೆ ಲಾರಿ ನಡೆಸಬಲ್ಲವನು ಇದನ್ನೂ ನಡೆಸಬಲ್ಲನು. ಎರಡರ ಗುಣವನ್ನೂ ಒಂದರಲ್ಲಿ ಪಡೆಯುವ ಹಂಬಲದಿಂದ ಹುಟ್ಟಿದ ವಾಹನವಿದು. ಎರಡರ ದೋಷಗಳೂ ಒಂದರಲ್ಲೇ ಕೂಡಿಕೊಂಡವೆಂಬುದು ಆಮೇಲೆ ತಿಳಿದ ಮಾತು.

ಈ ಯುಕ್ತಿಯನ್ನು ಮೊದಲಿಗೆ ಯಶಸ್ವಿಯಾಗಿ ಬಳಕೆಗೆ ತಂದವರಲ್ಲಿ ಅಡಾಲ್ಫ್ ಕೆಗ್ರೆಸ್ ಎಂಬ ಫ್ರೆಂಚ್ ಎಂಜಿನಿಯರ್ ಮುಖ್ಯನು. ರಷ್ಯದ ಚಕ್ರವರ್ತಿ ಎರಡನೆಯ ನಿಕೊಲಾಸನ ಮೋಟಾರುಗಳನ್ನು ನೋಡಿಕೊಳ್ಳುತ್ತಿದ್ದ ಅವನು, ಹಿಮದಲ್ಲಿ ಹೂತುಹೋಗುತ್ತಿದ್ದ ಅರಮನೆಯ ಕಾರುಗಳ ಹಿಂಗಾಲಿಗಳಿಗೆ ಬಾಗುವ ಪಟ್ಟಿಯನ್ನು ಜೋಡಿಸಿದನು. 1917ರ ಕ್ರಾಂತಿಯಲ್ಲಿ ಚಕ್ರವರ್ತಿ ಹೋದನು, ಗಾಡಿ ಉಳಿಯಿತು. ಲೆನಿನ್ ಬಳಸಿದ ರೋಲ್ಸ್ ರಾಯ್ಸ್ ಕಾರೊಂದಕ್ಕೂ ಇಂಥದೇ ಪಟ್ಟಿಯಿತ್ತು. ಸ್ವದೇಶಕ್ಕೆ ಮರಳಿದ ಕೆಗ್ರೆಸ್ ಸಿಟ್ರೊಯೆನ್ ಕಂಪನಿಯನ್ನು ಸೇರಿದನು. ಆ ಕಂಪನಿಯ ಐದು ಗಾಡಿಗಳು 1922ರ ಡಿಸೆಂಬರಿನಲ್ಲಿ ಸಹಾರಾ ಮರುಭೂಮಿಗಿಳಿದು, 1923ರ ಜನವರಿಯಲ್ಲಿ ತಿಂಬಕ್ತು ಪಟ್ಟಣವನ್ನು ಮುಟ್ಟಿದವು. 1931ರಲ್ಲಿ ಬೇರೂತಿನಿಂದ ಹೊರಟ ಇನ್ನೊಂದು ತಂಡ ಇಂಥ ಗಾಡಿಗಳಲ್ಲಿ ಶ್ರೀನಗರಕ್ಕೆ ಬಂದು, ಅಲ್ಲಿಂದ ಗಿಲ್ಗಿಟ್ಟಿನ ಬೆಟ್ಟದ ದಾರಿ ಹಿಡಿಯಿತು. ದಾರಿ ಕುಸಿದುಹೋದ ಕಡೆಗಳಲ್ಲಿ ಗಾಡಿಯನ್ನೇ ಬಿಚ್ಚಿ, ತುಂಡುಗಳನ್ನು ಆಳುಗಳ ಮೇಲೆ ಹೊರಿಸಿ, ಆಚೆ ದಡದಲ್ಲಿ ಮತ್ತೆ ಜೋಡಿಸಿದರು. ಹಿಮ, ಮರಳು, ಬೆಟ್ಟಗಳನ್ನು ದಾಟಲು ಹುಟ್ಟಿದ ವಸ್ತು ಯುದ್ಧಕ್ಕೆ ಹೋಗಲು ತಡವಾಗಲಿಲ್ಲ.

ಅಜ್ಜನ ಪೆಟ್ಟಿಗೆಯಲ್ಲಿದ್ದದ್ದು ಜರ್ಮನಿಯ ಸೈನ್ಯದ ವಾಹನ. ಹಾನೋವರ್ ನಗರದ ಹಾನೊಮಾಗ್ ಕಾರ್ಖಾನೆಯ ಹೆಸರಿನಿಂದ ಪ್ರಸಿದ್ಧವಾದ ಇದಕ್ಕೆ ಸೈನ್ಯದ ಪಟ್ಟಿಯಲ್ಲಿದ್ದ ಸಂಖ್ಯೆ 251. ಸೈನಿಕರನ್ನು ಕೂರಿಸಿಕೊಂಡು ಟ್ಯಾಂಕುಗಳ ಹಿಂದೆಯೇ ಓಡುವುದು ಇದರ ಕೆಲಸ. ನಡೆಸುವವರು ಇಬ್ಬರು, ಹಿಂದೆ ಕೂರುವವರು ಹತ್ತು ಮಂದಿ. ಮೇಲೆ ಮಾಡಿಲ್ಲ, ಆಕಾಶವೇ ಚಾವಣಿ. ಮುಂಭಾಗದ ಉಕ್ಕಿನ ದಪ್ಪ 14.5 ಮಿಲಿಮೀಟರ್, ಪಕ್ಕಗಳದು 8 ಮಿಲಿಮೀಟರ್. ನೂರು ಕುದುರೆಶಕ್ತಿಯ ಮೇಬ್ಯಾಕ್ ಎಂಜಿನ್. 1939ರಿಂದ 1945ರವರೆಗೆ ಹದಿನೈದು ಸಾವಿರಕ್ಕೂ ಮಿಕ್ಕಿ ತಯಾರಾದವು.

ಯಂತ್ರದ ಕೆಲಸ ಬಲ್ಲವರಿಗೆ ಇದರ ಕೆಳಭಾಗ ನೋಡುವಂಥದು. ನೆಲದ ಮೇಲೆ ಉರುಳುವ ಗಾಲಿಗಳನ್ನು ಒಂದರ ಪಕ್ಕದಲ್ಲೊಂದಿಡದೆ, ಜಡೆ ಹೆಣೆದಂತೆ ಒಂದರ ಅಂಚು ಇನ್ನೊಂದರ ಮರೆಗೆ ಸೇರುವಂತೆ ಜೋಡಿಸಿದ್ದಾರೆ. ಭಾರ ಸಮನಾಗಿ ಹಂಚಿಕೆಯಾಗುತ್ತದೆ, ಓಟ ನಯವಾಗುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಒಳಸಾಲಿನ ಗಾಲಿಯೊಂದು ಕೆಟ್ಟರೆ ಅದರ ಮುಂದಿರುವ ಹೊರಸಾಲಿನ ಗಾಲಿಗಳನ್ನು ಮೊದಲು ಕಳಚಬೇಕು. ರಷ್ಯದ ಬಯಲಿನಲ್ಲಿ ಹಗಲಿನ ಕೆಸರು ಈ ಗಾಲಿಗಳ ನಡುವೆ ತುಂಬಿಕೊಂಡು, ಇರುಳಿನ ಚಳಿಗೆ ಕಲ್ಲಿನಂತೆ ಹೆಪ್ಪುಗಟ್ಟಿ, ಬೆಳಗಾಗುವಷ್ಟರಲ್ಲಿ ಗಾಡಿ ನಿಂತಲ್ಲಿಯೇ ನಿಂತಿರುತ್ತಿತ್ತು. ಚಿತ್ರದ ಹಾಳೆಯಲ್ಲಿ ಈ ಜೋಡಣೆಯನ್ನು ಮೊದಲ ಬಾರಿ ಕಂಡಾಗ ಫಿಟ್ಟರ್ ಅಜ್ಜ ಬಹಳ ಹೊತ್ತು ನೋಡಿ, “ಬರೆದಾಂವ ಶ್ಯಾಣ್ಯಾ ಇದ್ದಾನ. ಆದರ ರಿಪೇರಿ ಮಾಡಾಂವನ್ನ ಒಂದು ಮಾತು ಕೇಳಿಲ್ಲ,” ಎಂದರಂತೆ. ನಲವತ್ತು ವರ್ಷ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದವರ ತೀರ್ಪದು; ಅದನ್ನು ಅಲ್ಲಗಳೆಯುವುದು ಕಷ್ಟ.

ಇಂಥ ಮಾದರಿಗಳು ಸಾಮಾನ್ಯವಾಗಿ ಮೂವತ್ತೈದರಲ್ಲೊಂದು ಅಳತೆಯವು. ನಲವತ್ತಲ್ಲ, ಮೂವತ್ತಲ್ಲ, ಈ ಮೂವತ್ತೈದು ಎಲ್ಲಿಂದ ಬಂತು? ಜಪಾನಿನ ಶಿಜುವೊಕಾ ಪಟ್ಟಣದಲ್ಲಿ 1946ರಲ್ಲಿ ಯೋಶಿಯೊ ತಾಮಿಯಾ ಎಂಬವನು ಒಂದು ಮರಕೊಯ್ಯುವ ಕಾರ್ಖಾನೆ ತೆರೆದನು. ಮರ ಕೈಗೆಟುಕುವಂತಿದ್ದುದರಿಂದ ಅಲ್ಲಿ ಹಡಗು, ವಿಮಾನಗಳ ಮರದ ಮಾದರಿಗಳನ್ನೂ ಮಾಡತೊಡಗಿದರು. 1953ರ ಹೊತ್ತಿಗೆ ಮರದ ವ್ಯಾಪಾರ ನಿಂತು ಮಾದರಿಗಳೇ ಉಳಿದವು. ಕೆಲವು ವರ್ಷಗಳಲ್ಲಿ ಮರದ ಕಾಲವೂ ಮುಗಿದು ಪ್ಲಾಸ್ಟಿಕ್ ಬಂತು. 1960ರ ದಶಕದ ಆರಂಭದಲ್ಲಿ ಅವರು ಮೋಟಾರಿನಿಂದ ಓಡುವ ಒಂದು ಟ್ಯಾಂಕನ್ನು ರೂಪಿಸಿದರು. ಅದರ ಹೊಟ್ಟೆಯಲ್ಲಿ ಬ್ಯಾಟರಿಗಳೂ ಮೋಟಾರೂ ಹಿಡಿಯಬೇಕಾಗಿತ್ತು. ಅವು ಹಿಡಿಯುವಷ್ಟು ದೊಡ್ಡದು ಮಾಡಿ, ಆಮೇಲೆ ಅಳೆದು ನೋಡಿದರೆ ಅದು ನಿಜವಾದ ಟ್ಯಾಂಕಿನ ಸುಮಾರು ಮೂವತ್ತೈದನೆಯ ಒಂದು ಪಾಲಾಗಿತ್ತು. ಹೀಗೆ ಬ್ಯಾಟರಿಯ ಗಾತ್ರ ನಿರ್ಧರಿಸಿದ ಅಳತೆಯೊಂದು ಜಗತ್ತಿನ ಹವ್ಯಾಸಿಗಳಿಗೆಲ್ಲ ಪ್ರಮಾಣವಾಯಿತು. ಮರದ ಅಡ್ಡೆಯಿಂದ ಆಟಿಗೆಯ ಕಡೆಗೆ ನಡೆದ ಈ ಕಥೆ, ದಾಂಡೇಲಿಯ ದಿಮ್ಮಿಗಳು ಸಾಗಿಹೋಗುವುದನ್ನು ನೋಡುತ್ತ ಬೆಳೆದ ಅಳ್ನಾವರದವರಿಗೆ ಬಹಳ ದೂರದ್ದೆಂದು ತೋರಲಾರದು.

ಅಜ್ಜ ಮೊದಲು ಮಾಡಿದ ಕೆಲಸ ಅಂಟಿಸುವುದಲ್ಲ, ಅಳೆಯುವುದು. ಕಾರ್ಖಾನೆಯ ದಿನಗಳಲ್ಲಿ ಕೊಂಡಿದ್ದ ವರ್ನಿಯರ್ ಕ್ಯಾಲಿಪರನ್ನು ಟ್ರಂಕಿನಿಂದ ತೆಗೆದರು. ನಿಜವಾದ ವಾಹನದ ಉದ್ದ 5.80 ಮೀಟರ್, ಮೂವತ್ತೈದರಿಂದ ಭಾಗಿಸಿದರೆ ಹದಿನಾರೂವರೆ ಸೆಂಟಿಮೀಟರಿಗೆ ತುಸು ಹೆಚ್ಚು. ಅಗಲ 2.10 ಮೀಟರ್, ಇಲ್ಲಿ ಸರಿಯಾಗಿ 6 ಸೆಂಟಿಮೀಟರ್. ಎತ್ತರ 1.75 ಮೀಟರ್, ಇಲ್ಲಿ 5 ಸೆಂಟಿಮೀಟರ್. ಇಷ್ಟರವರೆಗೆ ಎಲ್ಲವೂ ಹೊಂದಿಕೊಂಡಿತು. ತೂಕದ ಲೆಕ್ಕದಲ್ಲಿ ಮೊಮ್ಮಗ ಎಡವಿದನು. “ಏಳೂ ಮುಕ್ಕಾಲು ಟನ್ನಿನ ಗಾಡಿ ಅಂದ್ರ, ಮೂವತ್ತೈದರಿಂದ ಭಾಗಿಸಿದ್ರ ಎರಡು ನೂರು ಕೆ.ಜಿ. ಮ್ಯಾಲ ಬರ್ತದಲ್ಲ ಅಜ್ಜಾ, ಇದನ್ನ ಬೆರಳಿಂದ ಎತ್ತಬಹುದು!” ಎಂದನು. ಉದ್ದದಲ್ಲಿ ಮೂವತ್ತೈದು, ಅಗಲದಲ್ಲಿ ಮೂವತ್ತೈದು, ಎತ್ತರದಲ್ಲಿ ಮೂವತ್ತೈದು. ಮೂರನ್ನೂ ಗುಣಿಸಿದರೆ 42,875. 7.8 ಟನ್ನನ್ನು ಅದರಿಂದ ಭಾಗಿಸಿದರೆ ಬರುವುದು ಸುಮಾರು 182 ಗ್ರಾಂ. ಶಾಲೆಯ ಪುಸ್ತಕದಲ್ಲಿ ಘನವೆಂಬ ಶಬ್ದ ಓದಿದ್ದ ಹುಡುಗನಿಗೆ ಅದರ ಅರ್ಥ ಅಂದು ಕೈಗೆ ಸಿಕ್ಕಿತು.

ಹೊಂದದೆ ಹೋದದ್ದು ದಪ್ಪದ ಲೆಕ್ಕ. 8 ಮಿಲಿಮೀಟರಿನ ಉಕ್ಕಿನ ಹಲಗೆ ಈ ಅಳತೆಯಲ್ಲಿ ಮಿಲಿಮೀಟರಿನ ಕಾಲುಭಾಗಕ್ಕೂ ಕಡಿಮೆಯಾಗಬೇಕು. ಅಚ್ಚಿನಲ್ಲಿ ಎರಕಗೊಂಡ ಪ್ಲಾಸ್ಟಿಕ್ ಅಷ್ಟು ತೆಳುವಾದರೆ ಮುರಿದುಹೋಗುತ್ತದೆ. ಆದ್ದರಿಂದ ತಯಾರಿಸುವವರು ಅದನ್ನು ನಾಲ್ಕೈದು ಪಟ್ಟು ದಪ್ಪವಾಗಿಡುತ್ತಾರೆ. ಇಡೀ ಹಲಗೆಯನ್ನು ತೆಳುವಾಗಿಸುವ ಅಗತ್ಯವಿಲ್ಲ. ಕಣ್ಣಿಗೆ ಕಾಣುವುದು ಅಂಚು ಮಾತ್ರ. ಬಾಗಿಲಿನ ಅಂಚು, ಗುಂಡು ನಿರೋಧಕ ಫಲಕದ ಅಂಚು, ನೋಡುಗಿಂಡಿಯ ಮುಚ್ಚಳದ ಅಂಚು, ಇವನ್ನು ಒಳಗಡೆಯಿಂದ ಓರೆಯಾಗಿ ಅರದಿಂದ ಉಜ್ಜಿ, ಮರಳುಕಾಗದದಿಂದ ನುಣುಪು ಮಾಡಿದರೆ ಪ್ಲಾಸ್ಟಿಕ್ ಉಕ್ಕಾಗಿ ತೋರುತ್ತದೆ. ಹವ್ಯಾಸಿಗಳು ವಿವರ ತುಂಬುವುದೆಂದು ಕರೆಯುವ ಕೆಲಸದ ಮೊದಲ ಪಾಠ ತುಂಬುವುದಲ್ಲ, ಕಳೆಯುವುದು.

ಆಮೇಲಿನ ಕೆಲಸ ತಿಂಗಳುಗಟ್ಟಲೆ ನಡೆಯಿತು. ಅಚ್ಚಿನ ಎರಡು ಭಾಗಗಳು ಕೂಡಿದ ಕಡೆ ಎದ್ದುನಿಂತ ಗೆರೆಯನ್ನು ಕೆರೆದು ತೆಗೆಯಬೇಕು. ಅಚ್ಚಿನಿಂದ ತುಂಡನ್ನು ಹೊರದೂಡುವ ಮೊಳೆಗಳು ಬಿಟ್ಟ ದುಂಡನೆಯ ಗುಳಿಗಳನ್ನು ಪುಟ್ಟಿಯಿಂದ ಮುಚ್ಚಬೇಕು. ಬಂದೂಕಿನ ನಳಿಗೆಯ ಬಾಯಿಯನ್ನು ಸೂಜಿಮೊನೆಯಿಂದ ಕೊರೆಯಬೇಕು. ಮಿಕ್ಕ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಉರಿಯ ಮೇಲೆ, ತಾಗಿಯೂ ತಾಗದಂತೆ, ಹಿಡಿದು ಮೆತ್ತಗಾದೊಡನೆ ಎರಡೂ ಕೈಯಿಂದ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ರೇಡಿಯೋದ ಆಂಟೆನಾಕ್ಕೆ ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಅದೇ ಎಳೆಯನ್ನು ಎರಡು ಹಲಗೆಗಳು ಕೂಡುವ ಸಂದಿಯಲ್ಲಿ ಅಂಟಿಸಿ, ದ್ರವದ ಅಂಟಿನಿಂದ ಮೆತ್ತಗೆ ಮಾಡಿ, ಚಾಕುವಿನ ಅಲಗಿನಿಂದ ಒತ್ತೊತ್ತಾಗಿ ಅಮುಕಿದರೆ ಬೆಸುಗೆಯ ಗೆರೆ ಮೂಡುತ್ತದೆ. ಬೆಸುಗೆಯ ಗೆರೆಯನ್ನು ಜೀವಮಾನವೆಲ್ಲ ನೋಡಿದ್ದ ಅಜ್ಜನಿಗೆ ಈ ಭಾಗ ಹೆಚ್ಚು ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಎಂಜಿನಿನ ತಂತಿಗಳಿಗೆ ಹಳೆಯ ಮೋಟಾರಿನ ಸುರುಳಿಯಿಂದ ತೆಗೆದ ತಾಮ್ರದ ಎಳೆ ಸಾಕಾಯಿತು.

ತಾಡಪತ್ರಿಯ ವಿಷಯದಲ್ಲಿ ಮಾತ್ರ ಮನೆಯಲ್ಲಿ ಸಣ್ಣ ವಾದ ನಡೆಯಿತು. ಹಿಂಬದಿಗೆ ಸುತ್ತಿಡಬೇಕಾದ ತಾಡಪತ್ರಿಗೆಂದು ಅಜ್ಜನ ಹೆಂಡತಿ ತಮ್ಮ ಹಳೆಯ ಹತ್ತಿ ಸೀರೆಯ ತುಂಡನ್ನು ಕತ್ತರಿಸಿ ಕೊಟ್ಟರು. ಅಜ್ಜ ಅದನ್ನು ಹಿಂದಿರುಗಿಸಿದರು. ಬಟ್ಟೆ ನಮ್ಮ ಕಣ್ಣಿಗೆ ತೆಳುವಾದದ್ದೇ. ಆದರೆ ಅದರ ಎಳೆಯೊಂದು 0.3 ಮಿಲಿಮೀಟರ್ ದಪ್ಪವಿದ್ದರೆ ಈ ಅಳತೆಯ ಲೋಕದಲ್ಲಿ ಅದು ಒಂದು ಸೆಂಟಿಮೀಟರ್ ದಪ್ಪದ ಹಗ್ಗ. ಅಂಥ ಹಗ್ಗದಿಂದ ನೇಯ್ದ ತಾಡಪತ್ರಿಯನ್ನು ಯಾವ ಸೈನ್ಯವೂ ಹೊತ್ತಿರಲಾರದು. ಕೊನೆಗೆ ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಬಿಳಿಯ ಅಂಟಿನಲ್ಲಿ ನೆನೆಸಿ ಸುತ್ತಿಟ್ಟರು. ಒಣಗಿದ ಮೇಲೆ ಅದರ ಮಡಿಕೆಗಳು ನಿಜವಾದ ತಾಡಪತ್ರಿಯ ಮಡಿಕೆಗಳಂತೆಯೇ ಬಿದ್ದಿದ್ದವು.

ಇಲ್ಲಿ ಕಿನ್ನಾಳದ ನೆನಪು ಬಾರದಿರದು. ಕೊಪ್ಪಳದ ಸಮೀಪದ ಆ ಊರಿನ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆಯ ಅಂಗಗಳನ್ನು ಬೇರೆಬೇರೆ ಕೊರೆದು, ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸಂದುಗಳನ್ನು ಕಿಟ್ಟವೆಂಬ ಮೆತ್ತೆಯಿಂದ ಮುಚ್ಚುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಡನೆ ಕಲಸಿ ಮಾಡಿದ ವಸ್ತು ಅದು. ಆಭರಣ, ಮಡಿಕೆ, ಹೂಬಳ್ಳಿ ಎಲ್ಲವೂ ಆಮೇಲೆ ಮೈಮೇಲೆ ಏರುವಂಥವು. ಡಬ್ಬಿಯ ಪುಟ್ಟಿಯಿಂದ ಗುಳಿ ಮುಚ್ಚುವವನೂ ಕಿಟ್ಟದಿಂದ ಗರುಡನ ರೆಕ್ಕೆ ಕೂಡಿಸುವವನೂ ಮಾಡುವ ಕೆಲಸ ಒಂದೇ ಬಗೆಯದು. ಆದರೆ ಕಿನ್ನಾಳದವನು ಮಾಡುವುದು ದೇವರನ್ನು. ಫಿಟ್ಟರ್ ಅಜ್ಜ ಮಾಡುತ್ತಿದ್ದದ್ದು ಏನನ್ನು ಎಂಬ ಪ್ರಶ್ನೆ ಆ ಹೊತ್ತಿಗೆ ಯಾರಿಗೂ ಹೊಳೆದಿರಲಿಲ್ಲ.

ಬಣ್ಣ ಬಳಿಯುವ ದಿನಗಳಲ್ಲಿ ಅದು ಎದ್ದುಬಂತು. 1943ರ ಫೆಬ್ರುವರಿಯವರೆಗೆ ಜರ್ಮನಿಯ ವಾಹನಗಳಿಗೆ ಗಾಢವಾದ ಬೂದುಬಣ್ಣ. ಆಮೇಲೆ ಒಣಹುಲ್ಲಿನಂಥ ಹಳದಿ, ಅದರ ಮೇಲೆ ಸೈನಿಕರೇ ಬಳಿದುಕೊಳ್ಳುವ ಹಸಿರು ಮತ್ತು ಕಂದು. ಅಜ್ಜ ಹಳದಿಯನ್ನು ಆರಿಸಿಕೊಂಡರು. ಕಪ್ಪು ಬಣ್ಣವನ್ನು ನೀರಿನಷ್ಟು ತೆಳುಮಾಡಿ ಸಂದುಗೊಂದುಗಳಿಗೆ ಹರಿಸಿದರು. ಕುಂಚವನ್ನು ಒರೆಸಿ ಒಣಗಿಸಿ, ಉಳಿದ ತುಸುವೇ ತಿಳಿಬಣ್ಣವನ್ನು ಉಬ್ಬುಗಳ ಮೇಲೆ ಸವರಿದರು. ಕೊನೆಗೆ ಪೆಟ್ಟಿಗೆಯಲ್ಲಿದ್ದ ಗುರುತಿನ ಹಾಳೆಯನ್ನು ನೀರಿನಲ್ಲಿ ನೆನೆಸಿದರು. ಅದರಲ್ಲಿ ಪಕ್ಕಗಳಿಗೆ ಹಚ್ಚುವ ಕಪ್ಪು ಶಿಲುಬೆಗಳೊಡನೆ, ವಿಮಾನದವರಿಗೆ ಗುರುತಾಗಲೆಂದು ಎಂಜಿನಿನ ಮೇಲೆ ಹಾಸುತ್ತಿದ್ದ ಕೆಂಪು ಬಾವುಟವೂ ಇತ್ತು. ನಡುವೆ ಬಿಳಿಯ ವೃತ್ತ, ವೃತ್ತದಲ್ಲಿ ಕಪ್ಪು ಚಿಹ್ನೆ.

ಚಹಾ ತಂದ ಅಜ್ಜಿ ಅದನ್ನು ನೋಡಿ, “ಇದು ನಮ್ಮ ಹೊಸ್ತಿಲ ಮ್ಯಾಲಿನ ಸ್ವಸ್ತಿಕ ಅಲ್ಲೇನ್ರಿ?” ಎಂದು ಕೇಳಿದರು.

ಆಕಾರದಲ್ಲಿ ಹೌದು. ಶುಭವಾಗಲೆಂದು ಹೊಸ್ತಿಲ ಮೇಲೂ ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲೂ ಬರೆಯುವ ಚಿಹ್ನೆಯನ್ನು ಹಿಟ್ಲರನ ಪಕ್ಷ ತನ್ನದಾಗಿಸಿಕೊಂಡಿತ್ತು. ಆ ಬಾವುಟದ ಆಳ್ವಿಕೆಯಲ್ಲಿ ಅರವತ್ತು ಲಕ್ಷ ಯಹೂದಿಗಳನ್ನು, ಮಕ್ಕಳು ಮುದುಕರೆನ್ನದೆ, ಕೊಂದರು. ಶಸ್ತ್ರಾಸ್ತ್ರಗಳ ಕಾರ್ಖಾನೆಗಳಲ್ಲಿ ದುಡಿಯಲು ಗೆದ್ದ ದೇಶಗಳಿಂದ ಲಕ್ಷಗಟ್ಟಲೆ ಜನರನ್ನು ಬಲವಂತದಿಂದ ಎಳೆದುತಂದರು. ಇಂದಿನ ಜರ್ಮನಿಯಲ್ಲಿ ಆ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದಕ್ಕೆ ಕಾನೂನಿನ ತಡೆಯಿದೆ. ಅಲ್ಲಿ ಮಾರಾಟವಾಗುವ ಮಾದರಿಗಳ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಅಜ್ಜ ಇದನ್ನೆಲ್ಲ ಹೆಂಡತಿಗೆ ಹೇಳುತ್ತ ಹೇಳುತ್ತ ತಾವೇ ಕೇಳಿಸಿಕೊಂಡರೆಂದು ಕಾಣುತ್ತದೆ. ಬೆಸುಗೆಯ ಗೆರೆಗಳನ್ನು ಅಷ್ಟು ಪ್ರೀತಿಯಿಂದ ಮೂಡಿಸಿದ್ದರಲ್ಲ. ಯುದ್ಧದ ಕೊನೆಯ ವರ್ಷಗಳ ಅಂಥ ಬೆಸುಗೆಗಳನ್ನು ಹಾಕಿದವರಲ್ಲಿ ಎಷ್ಟು ಜನ ಹಸಿದ ಸೆರೆಯಾಳುಗಳಾಗಿದ್ದರೋ! ಬಾವುಟವನ್ನು ಹಚ್ಚಲಿಲ್ಲ. ಕಪ್ಪು ಶಿಲುಬೆಗಳನ್ನು ಹಚ್ಚಿದರು. ಗುರುತೇ ಇಲ್ಲದಂತೆ ಮಾಡಿದರೆ ಯಾರದೂ ಅಲ್ಲದ ಗಾಡಿಯಾಗುತ್ತದೆ, ಅದು ಸುಳ್ಳು ಎಂಬುದು ಅವರ ವಾದ. ಈ ಎರಡರ ನಡುವಿನ ಗೆರೆಯನ್ನು ಎಲ್ಲರೂ ಒಪ್ಪಬೇಕೆಂದಿಲ್ಲ.

ಅಳ್ನಾವರದಿಂದ ಲೋಂಡಾದ ಮಾರ್ಗವಾಗಿ ರೈಲಿನಲ್ಲಿ ಹೋದರೆ ಬೆಳಗಾವಿ ದೂರವಲ್ಲ. ಅಲ್ಲಿ 1922ರಿಂದ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಎರಡನೆಯ ಮಹಾಯುದ್ಧದಲ್ಲಿ ಈ ದಳದ ಪಡೆಗಳು ಆಫ್ರಿಕದಲ್ಲೂ ಇಟಲಿಯಲ್ಲೂ ಹೋರಾಡಿದವು. 1944ರ ಜುಲೈಯಲ್ಲಿ ಇಟಲಿಯ ಟೈಬರ್ ನದಿಯ ಕಣಿವೆಯಲ್ಲಿ ಯಶವಂತ ಘಾಡ್ಗೆ ಒಬ್ಬನೇ ಶತ್ರುವಿನ ಮೆಷಿನ್‌ಗನ್ನಿನ ಮೇಲೆ ಏರಿಹೋಗಿ ಅದನ್ನು ಮೌನಗೊಳಿಸಿ, ಅಲ್ಲಿಯೇ ಗುಂಡಿಗೆ ಬಲಿಯಾದನು. 1945ರ ಏಪ್ರಿಲಿನಲ್ಲಿ ಸೆನಿಯೊ ನದಿಯ ದಂಡೆಯಲ್ಲಿ ನಾಮದೇವ ಜಾಧವ ಗುಂಡಿನ ಮಳೆಯ ನಡುವೆ ಗಾಯಗೊಂಡ ಸಂಗಾತಿಗಳನ್ನು ಹೊತ್ತು ತಂದನು. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಪದಕ ದೊರೆಯಿತು. ಇವರ ಎದುರಿಗಿದ್ದ ಸೈನ್ಯ ಬಳಸುತ್ತಿದ್ದದ್ದು ಇಂಥ ಗಾಡಿಗಳನ್ನೇ.

ಅಜ್ಜನ ನೆರೆಮನೆಯಲ್ಲಿ ಆ ದಳದಿಂದ ನಿವೃತ್ತನಾದ ಹವಾಲ್ದಾರನೊಬ್ಬನಿದ್ದಾನೆ. ಅವನ ಅಜ್ಜನೂ ಇಟಲಿಯಲ್ಲಿ ಕಾದಿ, ಕಾಲಿನಲ್ಲಿ ಸಿಡಿಗುಂಡಿನ ಚೂರು ಇಟ್ಟುಕೊಂಡೇ ಊರಿಗೆ ಮರಳಿದವನು. ಮುಗಿದ ಮಾದರಿಯನ್ನು ಕಿಟಕಿಯ ಬೆಳಕಿನಲ್ಲಿಟ್ಟಾಗ ಹವಾಲ್ದಾರ ಅದನ್ನು ಮುಟ್ಟದೆ, ಬಾಗಿ, ಸುತ್ತಲೂ ನೋಡಿದನು. ಸರಪಳಿಯ ಕೆಸರು, ಬಾಗಿಲಿನ ತುಕ್ಕು, ಪಕ್ಕದಲ್ಲಿ ತೂಗಿಬಿಟ್ಟ ಸಲಿಕೆ ಯಾವುದೂ ಅವನ ಕಣ್ಣು ತಪ್ಪಿಸಲಿಲ್ಲ.

“ಇದನ್ನ ಇಷ್ಟು ಚಂದ ಯಾಕ ಮಾಡೀರಿ ಕಾಕಾ?” ಎಂದನು.

“ಚಂದ ಮಾಡೇನೋ ಖರೇ ಮಾಡೇನೋ, ನನಗೂ ತಿಳೀವಲ್ದಪ್ಪ.”

“ಖರೇ ಏನೋ ಅದ. ಆದರ ಒಳಗ ಕುಂತಾಂವ ಕಾಣಂಗಿಲ್ಲ, ಎದುರು ನಿಂತಾಂವನೂ ಕಾಣಂಗಿಲ್ಲ.”

ಇದು ಈ ಹವ್ಯಾಸದ ಬಗೆಗೆ ಕೇಳಬಹುದಾದ ಪ್ರಶ್ನೆಗಳಲ್ಲೆಲ್ಲ ಕಠಿಣವಾದುದು. ಮೂವತ್ತೈದು ಪಾಲು ಚಿಕ್ಕದಾದೊಡನೆ ಭಯಂಕರವೂ ಮುದ್ದಾಗಿಬಿಡುತ್ತದೆ. ಎಂಜಿನಿನ ಗರ್ಜನೆ, ಸುಟ್ಟ ಎಣ್ಣೆಯ ನಾತ, ಮೇಲೆ ಮಾಡಿಲ್ಲದ ಪೆಟ್ಟಿಗೆಯೊಳಗೆ ಬಾಂಬು ಬಿದ್ದರೆ ಒಳಗಿದ್ದವರ ಗತಿ ಇವು ಯಾವ ವರ್ನಿಯರಿನ ಅಳತೆಗೂ ಸಿಗುವುದಿಲ್ಲ. ಹಾಗೆಂದು ಮಾದರಿ ಮಾಡುವುದೇ ತಪ್ಪೆನ್ನುವುದೂ ಸರಿಯಲ್ಲ. ಅದನ್ನು ಮಾಡಲು ಹೊರಡದಿದ್ದರೆ ಅಳ್ನಾವರದ ಒಂದು ಮನೆಯಲ್ಲಿ ಆ ಬಾವುಟದ ಮಾತು, ಟೈಬರ್ ಕಣಿವೆಯ ಮಾತು ಬರುತ್ತಲೇ ಇರಲಿಲ್ಲ. ಶಾಲೆಯ ಪುಸ್ತಕದಲ್ಲಿ ಎರಡು ಸಾಲಾಗಿದ್ದ ಯುದ್ಧ ಹುಡುಗನಿಗೆ ಆ ಮೇಜಿನ ಮೇಲೆ ಒಂದು ಗಟ್ಟಿ ವಸ್ತುವಾಗಿ ಕೂತಿತ್ತು.

ಫಿಟ್ಟರ್ ಅಜ್ಜ ಉತ್ತರವನ್ನು ಮಾತಿನಲ್ಲಿ ಹುಡುಕಲಿಲ್ಲ. ಮಗನಿಗೆ ಹೇಳಿ ಅದೇ ಗಾಡಿಯ ಇನ್ನೊಂದು ಪೆಟ್ಟಿಗೆ ತರಿಸಿದರು. ಈ 251ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿದ್ದವು. ಸೇತುವೆ ಹಲಗೆ ಹೊರುವುದೊಂದು, ಫಿರಂಗಿ ಹೊರುವುದೊಂದು, ಬೆಂಕಿಯುಗುಳುವುದೊಂದು. ಅವುಗಳಲ್ಲಿ ಎಂಟನೆಯದು ಗಾಯಾಳುಗಳನ್ನು ಸಾಗಿಸುವ ಗಾಡಿ. ಎಂಟು ಮಂದಿ ಕೂರಬಹುದು. ಇಲ್ಲವೆ ನಾಲ್ವರು ಕೂತು, ಇಬ್ಬರನ್ನು ಸ್ಟ್ರೆಚರಿನ ಮೇಲೆ ಮಲಗಿಸಬಹುದು. ಸಾಮಾನ್ಯವಾಗಿ ಇದಕ್ಕೆ ಬಂದೂಕಿರುತ್ತಿರಲಿಲ್ಲ. ಒಂದು ಬಗೆಯ ಪೆಟ್ಟಿಗೆಯಿಂದ ಇನ್ನೊಂದು ಬಗೆಯ ವಾಹನವನ್ನು ಮಾಡುವುದನ್ನು ಹವ್ಯಾಸಿಗಳು ಮಾರ್ಪಾಡು ಎನ್ನುತ್ತಾರೆ. ವಿವರ ತುಂಬುವುದಕ್ಕಿಂತ ಇದು ಕಷ್ಟದ್ದು; ಪೆಟ್ಟಿಗೆಯೊಳಗಿನ ಸೂಚನೆಯ ಹಾಳೆ ಇಲ್ಲಿ ನೆರವಾಗುವುದಿಲ್ಲ.

ಎದುರಿನ ಬಂದೂಕನ್ನೂ ಅದರ ಫಲಕವನ್ನೂ ಬಿಟ್ಟು, ಅವು ಕೂರುವ ರಂಧ್ರಗಳನ್ನು ಪ್ಲಾಸ್ಟಿಕ್ ಹಾಳೆಯ ಬಿಲ್ಲೆಗಳಿಂದ ಮುಚ್ಚಿದರು. ಒಳಗೆ ರೈಫಲುಗಳನ್ನು ನಿಲ್ಲಿಸುವ ಹಲಗೆಗಳನ್ನು ಕತ್ತರಿಸಿ ತೆಗೆದರು. ಒಂದು ಪಕ್ಕದ ಆಸನವನ್ನು ಕಿತ್ತು, ಸ್ಟ್ರೆಚರುಗಳು ಒಂದರ ಮೇಲೊಂದು ಕೂರುವಂತೆ ಕಂಬಗಳನ್ನು ನಿಲ್ಲಿಸಿದರು. ಸ್ಟ್ರೆಚರಿನ ಉದ್ದ ಆರು ಸೆಂಟಿಮೀಟರಿಗೆ ತುಸು ಹೆಚ್ಚು. ಅದರ ಕೋಲುಗಳಿಗೆ ಏನನ್ನು ಬಳಸುವುದೆಂದು ಯೋಚಿಸುತ್ತಿರುವಾಗ ದೇವರ ಮುಂದೆ ಉರಿದುಳಿದ ಊದಿನಕಡ್ಡಿಯ ತುದಿ ಕಣ್ಣಿಗೆ ಬಿತ್ತು. ಅಳೆದರೆ 1.3 ಮಿಲಿಮೀಟರ್, ಮೂವತ್ತೈದರಿಂದ ಗುಣಿಸಿದರೆ ನಾಲ್ಕೂವರೆ ಸೆಂಟಿಮೀಟರ್ ದಪ್ಪದ ಕೋಲು. ಕೈಯಲ್ಲಿ ಹಿಡಿದು ಹೊರಲು ತಕ್ಕಷ್ಟು. ಮಸಿಯನ್ನು ಒರೆಸಿ ಅದನ್ನೇ ಕತ್ತರಿಸಿದರು.

ಕೆಂಪು ಶಿಲುಬೆಯ ಗುರುತನ್ನು ಬರೆಯುವ ದಿನ ಹವಾಲ್ದಾರನೂ ಬಂದು ಕೂತನು. 1864ರ ಜಿನೀವಾ ಒಪ್ಪಂದದಿಂದ ಈಚೆಗೆ ಬಿಳಿಯ ಹಿನ್ನೆಲೆಯ ಆ ಶಿಲುಬೆ ಇರುವಲ್ಲಿಗೆ ಗುಂಡು ಹಾರಿಸಬಾರದೆಂಬುದು ಯುದ್ಧದ ನಿಯಮ. ನಿಯಮ ಪ್ರತಿಸಲವೂ ನಡೆಯಿತೆಂದಲ್ಲ. ಅಜ್ಜನ ಕೈ ಈಗ ಮೊದಲಿನಂತಿಲ್ಲ. ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ, ಉಸಿರು ಹಿಡಿದು, ಎರಡು ಹೃದಯಬಡಿತಗಳ ನಡುವೆ ಒಂದೊಂದು ಗೆರೆ ಎಳೆಯಬೇಕು. ನಾಲ್ಕು ಗೆರೆಗೆ ಅರ್ಧ ಗಂಟೆ ಹಿಡಿಯಿತು. ಮೂರನೆಯ ಗೆರೆ ಕೊಂಚ ಅಲುಗಿತ್ತು. ತಿದ್ದುವೆನೆಂದಾಗ ಹವಾಲ್ದಾರ, “ಇರಲಿ ಬಿಡ್ರಿ. ರಣದಾಗ ಬರೆದಾಂವನ ಕೈಯೂ ಹಂಗ ನಡುಗಿರತದ,” ಎಂದನು.

ಕೆಳಗಿನ ಸ್ಟ್ರೆಚರಿನ ಮೇಲೆ ಗಾಯಾಳುವಿನ ಗೊಂಬೆಯೊಂದನ್ನು ಮಲಗಿಸಬೇಕೆಂದು ಮೊಮ್ಮಗನ ಆಸೆ. ಐದು ಸೆಂಟಿಮೀಟರಿನ ಒಬ್ಬ ಸೈನಿಕ ಪೆಟ್ಟಿಗೆಯಲ್ಲಿ ಇದ್ದನು. ಅವನ ತಲೆಯ ಶಿರಸ್ತ್ರಾಣವನ್ನು ಕೊರೆದು ತೆಗೆದು, ಕಾಗದದ ಪಟ್ಟಿ ಸುತ್ತಿ, ಮೊಣಕಾಲನ್ನು ಬಿಸಿಮಾಡಿ ಬಾಗಿಸಿದ್ದೂ ಆಯಿತು. ಆದರೆ ಅವನ ಸಮವಸ್ತ್ರಕ್ಕೆ ಯಾವ ಬಣ್ಣ ಬಳಿಯಬೇಕೆಂಬಲ್ಲಿ ಕೆಲಸ ನಿಂತಿತು. ಗಾಡಿಯವರ ಬೂದುಬಣ್ಣವೇ ಆಗಬೇಕೆಂದು ಅಜ್ಜ. ಸೆರೆಸಿಕ್ಕ ನಮ್ಮವನೊಬ್ಬನನ್ನೂ ಅವರು ಹೊತ್ತಿರಬಹುದೆಂದು ಹವಾಲ್ದಾರ. ಇಬ್ಬರ ಮಾತೂ ಯುದ್ಧದಲ್ಲಿ ನಡೆದಿರಬಹುದಾದದ್ದೇ. ಗೊಂಬೆ ಬರಿಯ ಪ್ಲಾಸ್ಟಿಕ್ ಬಣ್ಣದಲ್ಲಿಯೇ ಸ್ಟ್ರೆಚರಿನ ಮೇಲೆ ಮಲಗಿದೆ.

ಮಿಕ್ಕ ಬಂದೂಕುಗಳೂ ರೈಫಲುಗಳೂ ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿವೆ. ಹೆಚ್ಚಿಗೆ ಉಳಿದಿದ್ದ ನಾಲ್ಕು ಗಾಲಿಗಳನ್ನು ಮಾತ್ರ ಮೊಮ್ಮಗ ಕೇಳಿ ಪಡೆದು, ಜೋಳದ ದಂಟಿನಿಂದ ಮಾಡಿದ ತನ್ನ ಬಂಡಿಗೆ ಪೋಣಿಸಿದ್ದಾನೆ. ಬಂಡಿಗೆ ಆ ಗಾಲಿಗಳು ತೀರ ಸಣ್ಣವು. ಅಂಗಳದ ತುಂಬ ಎಳೆದಾಡುತ್ತಿರುತ್ತಾನೆ.